ಮೂಲೆಯ ಗಣಕಯಂತ್ರಕ್ಕೆ ಕನ್ನಡದ ಕೆಲಸ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೇರಿದವರು ಪಂಪ ರನ್ನರಿಂದ ಮಾತು ಆರಂಭಿಸುವುದು ವಾಡಿಕೆ. ನಾವಾದರೋ ಇಂದು ಆ ವಾಡಿಕೆಯನ್ನು ಮೀರಿ, ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಹಳೆಯ ಗಣಕಯಂತ್ರವೊಂದರಿಂದ ಆರಂಭಿಸುತ್ತೇವೆ. ಕ್ಷಮಿಸಬೇಕು. ಮಾತು ಮುಗಿಯುವ ವೇಳೆಗೆ ಅದೂ ಕನ್ನಡದ ಮಾತೇ ಎಂಬುದು ತಮಗೆ ಮನವರಿಕೆಯಾಗುವುದೆಂದು ನಂಬಿದ್ದೇವೆ.

ನಮ್ಮ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ, ಮಕ್ಕಳು ಇಂಜಿನಿಯರಿಂಗ್ ಸೇರಿದಾಗ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನಿಂದ ಹೊತ್ತು ತಂದ ಯಂತ್ರ ಒಂದಾದರೂ ಇದ್ದೀತು. ಮಕ್ಕಳು ಲ್ಯಾಪ್‌ಟಾಪು ಹಿಡಿದು ಗಚ್ಚಿಬೌಲಿಗೋ ಅಮೆರಿಕಕ್ಕೋ ಹೋದರು, ಯಂತ್ರ ಉಳಿಯಿತು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರ ಸಾಮಾನ್ಯ ಬೆಂಬಲವೂ ನಿಂತಿತು. ಮುಂದಿನ ವಿಂಡೋಸ್ ೧೧ಕ್ಕೆ ಹೊಸ ಬಗೆಯ ಸಂಸ್ಕಾರಕ ಬೇಕು, ಟಿಪಿಎಂ ಎಂಬ ಭದ್ರತಾ ಸಾಧನದ ೨.೦ ಆವೃತ್ತಿ ಬೇಕು. ಹೀಗಾಗಿ ಕೈಕಾಲು ಗಟ್ಟಿಯಿದ್ದರೂ ವಯಸ್ಸಾಯಿತೆಂದು ಮನೆಗೆ ಕಳುಹಿಸಿದ ಗುಮಾಸ್ತನ ಸ್ಥಿತಿ ಈ ಯಂತ್ರಗಳದು.

ಇಲ್ಲಿ ನಮ್ಮದೊಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು. ನಮ್ಮ ಮನೆಯ ಮೊದಲ ಯಂತ್ರವನ್ನು ನಾವು ಬೀದಿಯಲ್ಲಿ ಕೂಗುತ್ತ ಬಂದ ಕಬಾಡಿಯವನಿಗೆ ಕೊಟ್ಟುಬಿಟ್ಟೆವು. ನಮ್ಮ ತಾಯಿಯವರು ರಾಯಚೂರು ಜಿಲ್ಲೆಯವರು. ಅವರು ಹೇಳುತ್ತಿದ್ದ ಬೀಸುವ ಕಲ್ಲಿನ ಹಾಡುಗಳನ್ನು ಮಗಳು ಅದರಲ್ಲಿ ತುಂಬಿಸಿಟ್ಟಿದ್ದಳೆಂಬುದು ನಮಗೆ ತಿಳಿದದ್ದು ತಾಯಿಯವರು ತೀರಿಕೊಂಡ ಮೇಲೆ. ಎರಡು ಗುರುವಾರ ಜುಮ್ಮೇರಾತ್ ಬಜಾರಿನ ರಾಶಿಗಳ ನಡುವೆ ತಡಕಾಡಿದೆವು. ಸಿಗಲಿಲ್ಲ, ಸಿಗುವುದೂ ಇಲ್ಲ.

ವರ್ಷ ಕಳೆದ ಬಳಿಕ ಮಾನ್ವಿಯಲ್ಲಿರುವ ಸೋದರಮಾವನವರ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ಟು ದೊರೆಯಿತು. ಅದರಲ್ಲಿ ತಾಯಿಯವರ ನಾಲ್ಕು ಹಾಡುಗಳು. ಅದನ್ನು ಉಳಿಸಲು ಹೊರಟರೆ ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ಟೇಪ್ ರೆಕಾರ್ಡರಿನ ತಂತಿ ಸಿಕ್ಕಿಸುವ ಕಿಂಡಿಯೇ ಇಲ್ಲ! ಮೂಲೆಯಲ್ಲಿದ್ದ ಎರಡನೆಯ ಯಂತ್ರದ ಬೆನ್ನಿಗೆ ತಿಳಿನೀಲಿ ಬಣ್ಣದ ಕಿಂಡಿಯಿತ್ತು. ಹೊರಗಿನ ಧ್ವನಿಯನ್ನು ಒಳಗೆ ಬಿಡುವ ಬಾಗಿಲು ಅದು. ಅಂದು ನಮಗೆ ಹೊಳೆಯಿತು: ಈ ಯಂತ್ರ ಒಂದು ಕಾಲನ್ನು ಕ್ಯಾಸೆಟ್ಟಿನ ಕಾಲದಲ್ಲಿಯೂ ಇನ್ನೊಂದನ್ನು ಇಂದಿನ ಕಾಲದಲ್ಲಿಯೂ ಊರಿ ನಿಂತಿದೆ. ಮನೆಯ ಕನ್ನಡವನ್ನು ಆ ದಡದಿಂದ ಈ ದಡಕ್ಕೆ ದಾಟಿಸಲು ಇದಕ್ಕಿಂತ ಒಳ್ಳೆಯ ಹರಿಗೋಲು ಬೇರಿಲ್ಲ.

ಆದುದರಿಂದ ಇದರಿಂದ ಮಾಡಿಸಬಹುದಾದ ಕೆಲಸಗಳನ್ನು ಅನುಭವದಿಂದ ಅರಿಕೆ ಮಾಡುತ್ತೇವೆ.

ಮೊದಲನೆಯದು ಧ್ವನಿ. ಟೇಪ್ ರೆಕಾರ್ಡರಿನ ಕಿವಿಫೋನಿನ ತೂತಿನಿಂದ ಆ ನೀಲಿ ಕಿಂಡಿಗೆ ತಂತಿ ಹಾಕಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯನ್ನು ತುಂಬಿಸಿಕೊಳ್ಳಬಹುದು. ೬೦ ನಿಮಿಷದ ಕ್ಯಾಸೆಟ್ಟಿಗೆ ೬೦ ನಿಮಿಷವೇ ಹಿಡಿಯುತ್ತದೆ, ಅವಸರ ಸಲ್ಲದು. ಆದರೆ ತಡವೂ ಸಲ್ಲದು, ಏಕೆಂದರೆ ಟೇಪಿನ ಕಾಂತಲೇಪ ವರ್ಷ ವರ್ಷಕ್ಕೂ ಸವೆಯುತ್ತದೆ.

ಎರಡನೆಯದು ಬರಹ. ನಮ್ಮಲ್ಲಿ ಅನೇಕರು ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಕಾಗದಪತ್ರಗಳನ್ನು ಬರೆದಿದ್ದೇವೆ. ಅವನ್ನು ಈಗ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ! ಗಾಬರಿ ಬೇಡ. ಅಂದಿನ ಅಕ್ಷರಶೈಲಿಗಳು ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡದ ಚಿತ್ರವನ್ನು ಕೂರಿಸುತ್ತಿದ್ದವು. ಆ ಶೈಲಿ ಇಲ್ಲದೆಡೆ ಕನ್ನಡ ಮರೆಯಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಹಳೆಯದನ್ನು ಅದಕ್ಕೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ತಂತ್ರಾಂಶವನ್ನೂ ಕಡತವನ್ನೂ ಇಟ್ಟುಕೊಂಡಿರುವ ಹಳೆಯ ಯಂತ್ರವೇ ಈ ಕೆಲಸಕ್ಕೆ ತಕ್ಕದ್ದು.

ಮೂರನೆಯದು ಮುದ್ರಿತ ಪುಟಗಳು. ಅಜ್ಜನ ಪತ್ರಗಳು, ಮದುವೆಯ ಕರೆಯೋಲೆಗಳು, ನಮ್ಮ ಸಂಘದ ಹಿಂದಿನ ಸ್ಮರಣಸಂಚಿಕೆಗಳು ಎಲ್ಲವನ್ನೂ ಸ್ಕ್ಯಾನರಿನಿಂದ ಅಂಗುಲಕ್ಕೆ ೩೦೦ ಚುಕ್ಕೆಯಂತೆ ಚಿತ್ರ ತೆಗೆದಿಡಬಹುದು. ಅಚ್ಚಾದ ಕನ್ನಡವನ್ನು ಟೆಸೆರ್ಯಾಕ್ಟ್ ಎಂಬ ತಂತ್ರಾಂಶ ಓದಿ ಪಠ್ಯವನ್ನಾಗಿಸುತ್ತದೆ. ಒತ್ತಕ್ಷರಗಳಲ್ಲಿ ಎಡವುವುದುಂಟು, ತಿದ್ದಲು ಮನುಷ್ಯರೇ ಬೇಕು. ನಿವೃತ್ತರಾದ ನಮ್ಮಂಥವರಿಗೆ ಇದಕ್ಕಿಂತ ಪುಣ್ಯದ ಉದ್ಯೋಗ ಯಾವುದಿದೆ? ಲೇಖಕರು ಗತಿಸಿ ೬೦ ವರ್ಷ ದಾಟಿ ಹಕ್ಕುಸ್ವಾಮ್ಯ ಮುಗಿದ ಗ್ರಂಥಗಳನ್ನು ಕನ್ನಡ ವಿಕಿಸೋರ್ಸಿಗೂ ಒಪ್ಪಿಸಬಹುದು.

ನಾಲ್ಕನೆಯದು ಮಕ್ಕಳು. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡ ಕಲಿತವರು ಈ ಸಭೆಯಲ್ಲಿಯೂ ಇದ್ದೀರಿ. ನಿಮ್ಮ ಮೊಮ್ಮಕ್ಕಳು ಅಜ್ಜಿಯೊಡನೆ ಕನ್ನಡ ಆಡುತ್ತಾರೆ, ಓದಲಾರರು. ಮೂಲೆಯ ಯಂತ್ರಕ್ಕೆ ಲಿನಕ್ಸ್ ಹಾಕಿ, ಕಗಪ ಕೀಲಿಮಣೆ ಅಳವಡಿಸಿ, ಅಜ್ಜಿಯ ಹಾಡನ್ನು ಕೇಳಿ ಬರೆಯುವ ಕೆಲಸವನ್ನು ಮೊಮ್ಮಗಳಿಗೆ ಕೊಡಿ. ದಿನಕ್ಕೆ ನಾಲ್ಕು ಸಾಲು ಸಾಕು.

ಲಿನಕ್ಸ್ ಎಂದೊಡನೆ ಹಿಂಜರಿಯಬೇಡಿ. ಅದು ಉಚಿತ. ಲಿನಕ್ಸ್ ಮಿಂಟ್ ಎಂಬ ಬಗೆಗೆ ೨ ಜಿಬಿ ಸ್ಮೃತಿಯಿದ್ದರೆ ನಡೆಯುತ್ತದೆ, ೪ ಜಿಬಿಯಿದ್ದರೆ ಸುಖ. ೨೦೧೯ರಲ್ಲಿ ಕೇರಳದ ಶಾಲೆಗಳಲ್ಲಿ ಸುಮಾರು ಎರಡು ಲಕ್ಷ ಗಣಕಯಂತ್ರಗಳಿಗೆ ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್ ಇಂಥದೇ ವ್ಯವಸ್ಥೆಯನ್ನು ಒದಗಿಸಲು ಹೊರಟಿತು. ನಮ್ಮ ಊರಿನಲ್ಲಿಯೇ ಸ್ವೇಚ್ಛಾ ಎಂಬ ಬಳಗದವರು ಮುಕ್ತ ತಂತ್ರಾಂಶವನ್ನು ತೆಲುಗಿಗೆ ತರಲು ದುಡಿದಿದ್ದಾರೆ. ನೆರೆಯವರು ತಮ್ಮ ನುಡಿಗೆ ಮಾಡಿದ್ದನ್ನು ನಾವು ನಮ್ಮದಕ್ಕೆ ಮಾಡಲಾರೆವೇ?

ಎಚ್ಚರಿಕೆಯ ಮಾತು ಎರಡು. ಬೆಂಬಲ ನಿಂತ ವಿಂಡೋಸಿನಲ್ಲಿ ಬ್ಯಾಂಕಿನ ವ್ಯವಹಾರ ಕೂಡದು. ಹಳೆಯ ಡಿಸ್ಕು ಹೇಳದೆ ಕೇಳದೆ ಕೈಕೊಡುತ್ತದೆ. ಆದುದರಿಂದ ಪ್ರತಿಯೊಂದರ ಇನ್ನೆರಡು ನಕಲುಗಳಿರಲಿ, ಒಂದು ಬೇರೆ ಊರಿನ ಬಂಧುಗಳಲ್ಲಿರಲಿ. ದುರಸ್ತಿಗೆ ಮೀರಿದ ಯಂತ್ರವನ್ನು ಮಾತ್ರ, ಡಿಸ್ಕನ್ನು ಕಳಚಿಟ್ಟುಕೊಂಡು, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಒಪ್ಪಿಸಿ.

ಕಡೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ಬಿನ್ನಹ. ನಮ್ಮ ಆ ಯಂತ್ರವನ್ನು ಸಂಘದ ವಾಚನಾಲಯಕ್ಕೆ ಒಪ್ಪಿಸುತ್ತೇವೆ. ಸ್ಕ್ಯಾನರು, ಟೇಪ್ ರೆಕಾರ್ಡರು ಉಳ್ಳವರು ತಂದುಕೊಡಲಿ. ಪ್ರತಿ ಭಾನುವಾರ ಬೆಳಿಗ್ಗೆ ನಾವು ಅಲ್ಲಿ ಕುಳಿತಿರುತ್ತೇವೆ. ತಮ್ಮ ಕ್ಯಾಸೆಟ್ಟು, ಪತ್ರ, ಹಳೆಯ ಡಿಸ್ಕುಗಳೊಡನೆ ಬನ್ನಿ. ೧೯೫೬ರ ನವೆಂಬರ್ ೧ರಂದು ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡ ನಾಡು ಹೈದರಾಬಾದು ರಾಜ್ಯದಿಂದ ಬಿಡಿಸಿಕೊಂಡು ಕನ್ನಡಿಗರ ರಾಜ್ಯವನ್ನು ಸೇರಿತು. ನಮ್ಮ ಹಿರಿಯರು ಇಲ್ಲಿಯೇ ಉಳಿದರು. ಅವರ ಜೊತೆಗೆ ಉಳಿದದ್ದು ಮನೆಯೊಳಗಿನ ಕನ್ನಡ. ಅದನ್ನು ಕಾಯುವವರು ನಾವಲ್ಲದೆ ಬೇರೆ ಯಾರೂ ಇಲ್ಲ.

ನಮ್ಮ ತಾಯಿಯವರ ನಾಲ್ಕು ಹಾಡುಗಳು ಉಳಿದವು, ಉಳಿದವೆಲ್ಲ ಹೋದವು. ತಮ್ಮ ಮನೆಗಳಲ್ಲಿ ಹಾಗಾಗದಿರಲಿ ಎಂದು ಹಾರೈಸುತ್ತೇವೆ.