ತೀವ್ರತೆಯ ನಕ್ಷೆಗೆ ಸಾಕ್ಷಿ ಯಾರು?

1900ರ ಫೆಬ್ರವರಿ 8ರ ನಸುಕಿನಲ್ಲಿ ಕೊಯಮತ್ತೂರಿನ ಕಡೆ ಹುಟ್ಟಿದ ಭೂಕಂಪ ದಕ್ಷಿಣದ ಬಹುಭಾಗವನ್ನು ನಡುಗಿಸಿತು. ಅದರ ಪ್ರಮಾಣ ಸುಮಾರು 6 ಎಂದು ಈಗಿನ ಅಂದಾಜು. ಪ್ರಮಾಣವೆಂಬುದು ಇಡೀ ಕಂಪಕ್ಕೆ ಒಂದೇ ಸಂಖ್ಯೆ. ತೀವ್ರತೆ, ಅಂದರೆ ಒಂದೊಂದು ಕಡೆ ಕಂಡುಬಂದ ನಡುಕ, ಮಾತ್ರ ಊರಿಂದೂರಿಗೆ ಬೇರೆ. ಹಾಗಾದರೆ ತೀವ್ರತೆಯ ನಕ್ಷೆಯಲ್ಲಿ ನಮ್ಮ ಮೈಸೂರಿನ ಮೇಲೆ ಯಾವ ಅಂಕಿ ಬರೆಯಬೇಕು?

ಅಂಥ ಹಳೆಯ ಕಂಪಗಳಿಗೆ ಸಾಕ್ಷಿ ಹೇಳುವವರು ಇಬ್ಬರೇ: ಜನ ಮತ್ತು ಗೋಡೆ. ಮಲಗಿದ್ದವರು ಎದ್ದರೇ, ಪಾತ್ರೆ ಸದ್ದು ಮಾಡಿತೇ, ಗಾರೆ ಬಿರಿಯಿತೇ ಎಂದು ಕೇಳಿ, ತಜ್ಞರು ಹನ್ನೆರಡು ಹಂತದ ತೀವ್ರತಾ ಮಾಪಕದಲ್ಲಿ ಒಂದು ಹಂತವನ್ನು ಆರಿಸುತ್ತಾರೆ. ಆದರೆ ಜನ ಎಲ್ಲಿದ್ದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ 8.6 ಪ್ರಮಾಣದ ಕಂಪವಾದಾಗ ಬೆಂಗಳೂರಿನ ಎತ್ತರದ ಕಚೇರಿಗಳಿಂದ ಜನ ಬೀದಿಗೆ ಓಡಿಬಂದರು. ದೂರದ ಕಂಪದ ನಿಧಾನ ಅಲೆಗಳು ತೂಗುವುದು ಎತ್ತರದ ಕಟ್ಟಡಗಳನ್ನೇ.

ಗೋಡೆಯ ಸಾಕ್ಷ್ಯ ಇನ್ನೂ ತೊಡಕಿನದು. 2012ರ ಆಗಸ್ಟ್‌ನಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಸಲ ಭೂಮಿ ಅಲುಗಿರಲಿಲ್ಲ. ಆ ದಿನಗಳಲ್ಲೇ ಸಣ್ಣದೊಂದು ಕಂಪ ಆಗಿದ್ದಿದ್ದರೆ, ಕುಸಿತದ ಚಿತ್ರ ಮಾತ್ರ ನೋಡಿದವರು ಮೈಸೂರಿಗೆ ಭಯಂಕರ ಅಂಕಿಯನ್ನೇ ಕೊಡುತ್ತಿದ್ದರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲೂ ಕಲ್ಲು, ಕೆಸರಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಉರುಳಿದವು. ಅಲ್ಲಿ ಕಂಪದ ಬಲ ಎಷ್ಟು, ಗೋಡೆಯ ದೌರ್ಬಲ್ಯ ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. 1998ರ ಯುರೋಪಿಯನ್ ತೀವ್ರತಾ ಮಾಪಕ ಮೊದಲು ಕಟ್ಟಡದ ಜಾತಿ ಯಾವುದೆಂದು ಕೇಳುವುದು ಇದಕ್ಕಾಗಿಯೇ. ಆದರೂ 'ಕೆಲವು', 'ಹಲವು' ಎಂದು ಎಣಿಸುವ ಕಣ್ಣು ಮನುಷ್ಯನದೇ.

ಆ ಕಣ್ಣು ಎಷ್ಟೇ ಪಳಗಿದ್ದರೂ ತಪ್ಪಬಹುದು. 1897ರ ಅಸ್ಸಾಂ ಮಹಾಕಂಪದ ತೀವ್ರತೆಯ ನಕ್ಷೆ ಬರೆದ ಭೂವಿಜ್ಞಾನಿ ಆರ್. ಡಿ. ಓಲ್ಡಮ್ ಎಂಥ ಪ್ರತಿಭಾವಂತ! ಆದರೂ 2003ರಲ್ಲಿ ಸಂಶೋಧಕರಾದ ಆಂಬ್ರಸೀಸ್ ಮತ್ತು ಬಿಲ್ಹಾಮ್ ಅದೇ ಕಂಪದ ವರದಿಗಳನ್ನು ಮತ್ತೆ ಓದಿದಾಗ ತೀವ್ರತೆ ಕೆಳಗಿಳಿಯಿತು. ಈ ಮರು ಓದು ಓಲ್ಡಮ್‌ರನ್ನು ಸಣ್ಣವರಾಗಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಮತ್ತೆ ಓದಲು ಸಾಧ್ಯವಾದದ್ದೇ ಅವರು ವಿವರಗಳನ್ನು ಉಳಿಸಿಟ್ಟಿದ್ದರಿಂದ.

ಹಾಗೆ ಉಳಿದ ವಿವರಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ದಾಖಲಾಗದೇ ಹೋಗುವ ಮನೆಗಳು. ಪತ್ರಿಕೆಗೆ ಬರುವುದು ಬಿದ್ದ ಗೋಡೆ. ನಿಂತ ನೂರು ಗೋಡೆಗಳ ಸುದ್ದಿ ಯಾರೂ ಬರೆಯುವುದಿಲ್ಲ. 2022ರ ಜೂನ್‌ನಲ್ಲಿ ಕೊಡಗಿನ ಚೆಂಬು, ಸಂಪಾಜೆ ಕಡೆ ನೆಲ ಕಂಪಿಸಿದಂತೆ ಇನ್ನೊಮ್ಮೆ ಆದರೆ, ದಯವಿಟ್ಟು ಸಮಯ, ಮನೆಯ ಮಹಡಿ, ಕೂತಿದ್ದಿರೋ ಮಲಗಿದ್ದಿರೋ ಎಂಬುದನ್ನು ಅಂದೇ ಬರೆದಿಡಿ. ನಿಮಗೆ ಏನೂ ಗೊತ್ತಾಗದಿದ್ದರೆ ಅದನ್ನೂ ಬರೆಯಿರಿ.