ಮಾತು ಬಂದಾಗ ಸುಲೋಚನಾ ಸೋತರೇ?

ಮೂಕಿ ಚಿತ್ರಗಳ ಮಹಾತಾರೆ ಸುಲೋಚನಾ ಅವರ ಕಥೆಯನ್ನು ಸಾಮಾನ್ಯವಾಗಿ ಹೀಗೆ ಮುಗಿಸಿಬಿಡುತ್ತಾರೆ: 1931ರಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಬಂತು, ಹಿಂದೂಸ್ತಾನಿ ಬಾರದ ನಟಿ ಮರೆಗೆ ಸರಿದರು. ಈ ತೀರ್ಪನ್ನು ನಾನು ಒಪ್ಪಲಾರೆ. ಮುಂದೆ ಸುಲೋಚನಾ ಆದ, ಪುಣೆಯ ಬಾಗ್ದಾದಿ ಯೆಹೂದಿ ಮನೆತನದ ರೂಬಿ ಮೈಯರ್ಸ್ ಟೆಲಿಫೋನ್ ಆಪರೇಟರ್ ಆಗಿದ್ದವರು. ಮರ್ಯಾದಸ್ಥ ಮನೆಯ ಹೆಂಗಸರು ಕ್ಯಾಮೆರಾ ಮುಂದೆ ಬರಲು ಹಿಂಜರಿಯುತ್ತಿದ್ದ ಕಾಲ ಅದು. ನಿರ್ದೇಶಕ ಫಾಲ್ಕೆಯವರ 1913ರ ಚಿತ್ರದಲ್ಲಿ ರಾಣಿ ತಾರಾಮತಿಯಾದದ್ದೂ ಒಬ್ಬ ಗಂಡಸೇ. ಕೊಹಿನೂರ್ ಕಂಪನಿಯ ಮೋಹನ್ ಭವ್ನಾನಿ ಕರೆದಾಗ ರೂಬಿ ಆ ಹಿಂಜರಿಕೆಯನ್ನು ದಾಟಿ ಬಂದರು. ಕಥೆಯನ್ನು ತೆರೆಯ ಮೇಲಿನ ಬರಹಫಲಕಗಳೇ ಹೇಳುತ್ತಿದ್ದುದರಿಂದ ಅವರ ನುಡಿ ಯಾವುದೆಂದು ಯಾರೂ ಕೇಳಲಿಲ್ಲ. 1926ರ ‘ಟೈಪಿಸ್ಟ್ ಗರ್ಲ್’, ‘ಟೆಲಿಫೋನ್ ಗರ್ಲ್’, 1929ರ ‘ಇಂದಿರಾ ಬಿ.ಎ.’ ಚಿತ್ರಗಳ ಹೆಸರುಗಳನ್ನೇ ನೋಡಿ: ದುಡಿಯುವ, ಓದಿದ ಹೆಣ್ಣು ಅಲ್ಲಿ ನಾಯಕಿ. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಒಂದರಲ್ಲೇ ಎಂಟು ಪಾತ್ರ! ಬರೀ ಚೆಲುವನ್ನು ನೆಚ್ಚಿದವರಿಗೆ ಯಾವ ಕಂಪನಿಯೂ ಅಂಥ ಹೊರೆ ಹೊರಿಸುವುದಿಲ್ಲ.

‘ಆಲಂ ಆರಾ’ ತೆಗೆದದ್ದು ಅವರು ತಾರೆಯಾಗಿ ಮೆರೆದ ಇಂಪೀರಿಯಲ್ ಕಂಪನಿಯೇ, ನಾಯಕಿಯಾದದ್ದು ಜುಬೇದಾ, ನಿಜ. ಆದರೆ ಸುಲೋಚನಾ ಬಿಡುವು ಮಾಡಿಕೊಂಡು ಹಿಂದೂಸ್ತಾನಿ ಕಲಿತು, 1932ರಲ್ಲಿ ‘ಮಾಧುರಿ’ಯ ಮಾತಿನ ಆವೃತ್ತಿಯೊಂದಿಗೆ ಮರಳಿದರು. 1934ಕ್ಕೆ ‘ಇಂದಿರಾ ಎಂ.ಎ.’, 1935ಕ್ಕೆ ‘ಅನಾರ್ಕಲಿ’, ಮರುವರ್ಷ ‘ಬಂಬಯಿ ಕಿ ಬಿಲ್ಲಿ’ ಬಂದವು; ಇವೂ ಅವರ ಮೂಕಿ ಚಿತ್ರಗಳ ಮರುರೂಪಗಳೇ. ಹಳೆಯ ಯಶಸ್ಸನ್ನೇ ಮತ್ತೆ ಮಾರಿದರಲ್ಲ ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಕಥೆ ಹಳೆಯದಾದರೆ ನಟಿಯನ್ನು ಬದಲಿಸುವುದು ಕಂಪನಿಗೆ ಕಷ್ಟವಿರಲಿಲ್ಲ. ಅದೇ ಕಥೆಗೆ, ಈಗ ಮಾತಾಡಬೇಕಾದಾಗಲೂ, ಅದೇ ನಟಿ ಬೇಕೆನಿಸಿದ್ದನ್ನು ಸೋಲೆಂದು ಹೇಗೆ ಕರೆಯುವುದು?

ಮೂವತ್ತರ ದಶಕದ ಕೊನೆಗೆ ಅವರ ಬೇಡಿಕೆ ಕುಗ್ಗಿದ್ದನ್ನು ಅಲ್ಲಗಳೆಯುತ್ತಿಲ್ಲ. ಅಷ್ಟರಲ್ಲಿ ಹಾಡಬಲ್ಲ ಹೊಸ ನಾಯಕಿಯರು ಬಂದಿದ್ದರು, ಇಂಪೀರಿಯಲ್ ಕಂಪನಿಯೇ 1938ರಲ್ಲಿ ಬಾಗಿಲು ಹಾಕಿತು. ಮೊದಲ ವಾಕ್ಚಿತ್ರದ ದಿನವೇ ಅವರ ಕಥೆ ಮುಗಿಯಿತೆನ್ನುವವರು ನಡುವಿನ ಈ ಏಳು ವರ್ಷಗಳ ದುಡಿಮೆಯನ್ನು ಅಳಿಸಿಹಾಕುತ್ತಾರೆ. ಆ ಕಾಲದ ಮೂಕಿ ಚಿತ್ರಗಳ ರೀಲುಗಳು ಬಹುಪಾಲು ಉಳಿದಿಲ್ಲದಿರುವಾಗ ಇಂಥ ಅಳಿಸುವಿಕೆ ಇನ್ನೂ ಸುಲಭವಾಗುತ್ತದೆ. ಎರಡು ಬಾರಿ ಅನಾರ್ಕಲಿಯಾಗಿದ್ದ ಅವರು 1953ರ ‘ಅನಾರ್ಕಲಿ’ಯಲ್ಲಿ ಸಲೀಮನ ತಾಯಿಯಾಗಿ, ಆ ಕಲಿತ ನುಡಿಯಲ್ಲೇ ಅಭಿನಯಿಸಿದರು.