ಬೆವರಾರಿದ ಮೇಲಿನ ನಿದ್ದೆ

ಹಗಲು ಹೊತ್ತಿನಲ್ಲಿ ಮನೆಯವರಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ನಮ್ಮ ನಾಲಿಗೆಗೆ ಮೊದಲು ಬರುವ ಹೆಸರು ಕುಂಭಕರ್ಣನದು. ಓದುವ ಹುಡುಗ ಮಲಗಿದರೆ ಅವನು ಸೋಮಾರಿ. ದುಡಿಯುವ ಗಂಡಸು ಮಲಗಿದರೆ ಅದು ದರಿದ್ರದ ಲಕ್ಷಣ. ವ್ಯಾಯಾಮ ಮಾಡಿ ಬಂದವನು ಮಲಗಿದನೆಂದರಂತೂ, ಮಾಡಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಹಿರಿಯರು ತಲೆ ಚಚ್ಚಿಕೊಳ್ಳುತ್ತಾರೆ. ನಾನೂ ಬಹುಕಾಲ ಈ ಪಂಗಡಕ್ಕೆ ಸೇರಿದವನೇ. ಆ ಪಂಗಡವನ್ನು ಬಿಟ್ಟದ್ದು ಹೇಗೆ ಎಂಬುದನ್ನು ತಮ್ಮ ಮುಂದೆ ಹೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಕನ್ನಡ ಪಂಡಿತನಾದ ನಾನು ಮೊದಲು ಮಹಾಭಾರತದ ಬಾಗಿಲು ತಟ್ಟಿದರೆ ಶ್ರೋತೃಗಳು ಕ್ಷಮಿಸಬೇಕು. ದ್ರೋಣಪರ್ವದಲ್ಲಿ ರಾತ್ರಿಯ ಯುದ್ಧವೊಂದು ಬರುತ್ತದೆ. ಘಟೋತ್ಕಚನು ಬಿದ್ದಾಗಿದೆ, ಹಗಲೆಲ್ಲ ಕಾದಿದ ಸೈನಿಕರು ಇರುಳಿನಲ್ಲಿಯೂ ಕಾದಿ ಕಾದಿ ನಿದ್ದೆಗಣ್ಣಾಗಿದ್ದಾರೆ. ಕೈಯಲ್ಲಿರುವ ಆಯುಧ ಯಾರ ಮೇಲೆ ಬೀಳುತ್ತಿದೆ ಎಂಬ ಎಚ್ಚರ ಕೂಡ ಅವರಿಗಿಲ್ಲ. ಆಗ ಅರ್ಜುನನು, ಚಂದ್ರೋದಯದವರೆಗೆ ಎರಡು ಸೇನೆಗಳೂ ರಣರಂಗದಲ್ಲಿಯೇ ಮಲಗಲಿ, ಆಮೇಲೆ ಯುದ್ಧ ಮುಂದುವರಿಯಲಿ ಎಂದು ಕೂಗಿ ಹೇಳುತ್ತಾನೆ. ಶತ್ರುಪಕ್ಷದವರೂ ಅವನನ್ನು ಹರಸಿ ಮಲಗುತ್ತಾರೆ. ಕೆಲವರು ಕುದುರೆಯ ಬೆನ್ನ ಮೇಲೆ, ಕೆಲವರು ಆನೆಯ ಹೆಗಲ ಮೇಲೆ, ಉಳಿದವರು ಬರಿಯ ನೆಲದ ಮೇಲೆ. ಹದಿನೆಂಟು ದಿನಗಳ ಆ ಘೋರ ಯುದ್ಧದಲ್ಲಿ ಎರಡು ಪಕ್ಷಗಳೂ ಒಂದೇ ಮನಸ್ಸಿನಿಂದ ಒಪ್ಪಿದ ಸಂಗತಿಗಳು ಎಷ್ಟಿದ್ದಾವು? ಅವುಗಳಲ್ಲಿ ಈ ಕಿರುನಿದ್ದೆಯೊಂದು. ಗಾಂಡೀವವನ್ನು ಹಿಡಿದವನಿಗೆ ಸೋಮಾರಿ ಎನ್ನುವ ಧೈರ್ಯ ನಮಗುಂಟೆ?

ದುಡಿದ ಮೈಗೆ ನಿದ್ದೆ ಏಕೆ ಬರುತ್ತದೆ? ಶಾಸ್ತ್ರಜ್ಞರು ಹೇಳುವ ಕಾರಣಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆಯ ಸೆಳೆತ ಹೆಚ್ಚು. ಮೈಮುರಿದು ದುಡಿದಾಗ ಈ ಸಂಗ್ರಹ ಇನ್ನಷ್ಟು ಬೆಳೆಯುತ್ತದೆ. ಬೆಳಗಿನ ಕಾಫಿ ನಮ್ಮನ್ನು ಎಬ್ಬಿಸುವುದು ಈ ಅಡಿನೋಸಿನ್ನಿನ ದಾರಿಗೆ ಅಡ್ಡ ನಿಂತು. ಎರಡನೆಯದು ಶಾಖ. ವ್ಯಾಯಾಮದಿಂದ ಏರಿದ ದೇಹದ ಒಳಗಿನ ಬಿಸಿ ಅನಂತರ ಮೆಲ್ಲನೆ ಇಳಿಯುತ್ತದೆ; ಹೀಗೆ ಇಳಿಯುವ ಹೊತ್ತೇ ರೆಪ್ಪೆಗಳು ಭಾರವಾಗುವ ಹೊತ್ತು. ಆದ್ದರಿಂದ ಆ ಜೊಂಪು ಮನಸ್ಸಿನ ದೌರ್ಬಲ್ಯವಲ್ಲ, ಮೈಯ ಲೆಕ್ಕಾಚಾರ.

ನಮ್ಮ ಆಯುರ್ವೇದದವರು ಈ ವಿಷಯದಲ್ಲಿ ಕಟ್ಟುನಿಟ್ಟಿನವರು. ಹಗಲು ನಿದ್ದೆ ಗ್ರೀಷ್ಮ ಋತುವಿನಲ್ಲಿ ಮಾತ್ರ ಹಿತ, ಮಿಕ್ಕ ಕಾಲದಲ್ಲಿ ಕಫಪಿತ್ತಗಳನ್ನು ಕೆರಳಿಸುತ್ತದೆ ಎಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಆದರೆ ಅಲ್ಲಿಯೇ ವಿನಾಯಿತಿಯ ಪಟ್ಟಿಯೂ ಇದೆ: ದಾರಿ ನಡೆದು ದಣಿದವರು, ಸವಾರಿ ಮಾಡಿ ಬಳಲಿದವರು, ಹೊರೆ ಹೊತ್ತು ಸೋತವರು, ಮಕ್ಕಳು, ಮುದುಕರು, ದುರ್ಬಲರು. ಈ ಪಟ್ಟಿಯ ಮೊದಲಲ್ಲಿಯೇ ಮಾತನಾಡಿ ಬಳಲಿದವರನ್ನೂ ಸೇರಿಸಿದ್ದಾನೆ. ಮೇಷ್ಟರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕೆ? ರಾತ್ರಿ ನಿದ್ದೆಗೆಟ್ಟವನು ಬೆಳಗ್ಗೆ, ಊಟಕ್ಕೆ ಮುಂಚೆ, ಕೆಟ್ಟ ಅವಧಿಯ ಅರ್ಧದಷ್ಟು ಮಲಗಬಹುದೆಂದೂ ಅವನ ಮತ. ಕುಳಿತಲ್ಲೇ ತೂಕಡಿಸುವುದಕ್ಕೆ ಹಾಸಿಗೆಯ ಹಗಲು ನಿದ್ದೆಗಿರುವ ದೋಷವಿಲ್ಲವೆಂದೂ ಹೇಳುತ್ತಾನೆ. ವ್ಯಾಯಾಮವನ್ನಾದರೂ ಅರ್ಧ ಶಕ್ತಿ ಉಳಿಯುವಂತೆ ಮಾಡು ಎಂದು ವಿಧಿಸಿದವನು ಅವನೇ.

ಇಷ್ಟೆಲ್ಲ ಓದಿದ್ದರೂ ನನ್ನ ತಲೆಯಲ್ಲಿದ್ದದ್ದು ಎದೆಗೆ ಇಳಿದದ್ದು ತಡವಾಗಿ. ಹಲವು ವರ್ಷಗಳ ಹಿಂದೆ ಮೈಸೂರಿನ ಹಳೆಯ ಮೊಹಲ್ಲಾ ಒಂದರ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆ. ಒಂಬತ್ತನೆಯ ತರಗತಿಗೆ ಡ್ರಿಲ್ ಆದ ಮೇಲೆ ನನ್ನ ಕನ್ನಡದ ಪಿರಿಯಡ್. ಕಿಟಕಿಯ ಪಕ್ಕದ ಹುಡುಗನೊಬ್ಬ ನಾನು ಪದ್ಯದ ಅನ್ವಯ ಹೇಳತೊಡಗಿದೊಡನೆ ತೂಕಡಿಸುತ್ತಿದ್ದ. ಗದರಿಸಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಒಂದು ದಿನ ಇಡೀ ತರಗತಿ ನಗುವಂತೆ ಅವನಿಗೆ ಕುಂಭಕರ್ಣನೆಂದು ಹೆಸರಿಟ್ಟೆ. “ತಪ್ಪಾಯ್ತು ಸಾರ್” ಎಂದು ತಲೆ ತಗ್ಗಿಸಿದನೇ ಹೊರತು ಅವನು ಬೇರೆ ಮಾತಾಡಲಿಲ್ಲ. ಆ ಹೆಸರು ಆಟದ ಬಯಲಿನವರೆಗೂ ಅವನನ್ನು ಅಟ್ಟಿಸಿಕೊಂಡು ಹೋಯಿತು.

ಅವನು ಮುಂಜಾನೆ ಗರಡಿಗೆ ಹೋಗುತ್ತಾನೆಂದು ಗೊತ್ತಾಯಿತು. ದೂರು ಹೇಳಿಬರೋಣವೆಂದು ಒಂದು ಸಂಜೆ ಅಲ್ಲಿಗೇ ಹೋದೆ. ಕೆಮ್ಮಣ್ಣಿನ ಮಟ್ಟಿಯ ಅಂಚಿನಲ್ಲಿ ಕುಳಿತಿದ್ದ ವೃದ್ಧ ಉಸ್ತಾದರು ನನ್ನ ಮಾತನ್ನೆಲ್ಲ ಕೇಳಿ, “ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ ಅಂತ ಕೇಳಿದ್ದೀರಾ ಮೇಷ್ಟ್ರೇ?” ಎಂದರು. ನಾನು ಕೇಳಿರಲಿಲ್ಲ. ತಂದೆಯ ಚಿಕ್ಕ ಹೋಟೆಲಿನಲ್ಲಿ ಪಾತ್ರೆ ತೊಳೆದು ಅವನು ಮಲಗುವಾಗ ಹನ್ನೊಂದೂವರೆ; ಏಳುವುದು ನಾಲ್ಕೂವರೆಗೆ. “ಕಸರತ್ತು ಮೈಯನ್ನ ಒಡೆಯುತ್ತೆ, ಕಟ್ಟೋದು ನಿದ್ದೆ. ನಾನೂ ಅವನನ್ನ ಕೇಳಿದ್ದು ಮೊನ್ನೆಯಷ್ಟೇ. ತಪ್ಪು ನಮ್ಮಿಬ್ಬರದೂ” ಎಂದರು ಉಸ್ತಾದರು. ಹುಡುಗನ ಮೇಲೆ ದೂರು ಹೇಳಲು ಹೋದವನು ನನ್ನ ಮೇಲಿನ ದೂರನ್ನು ಹೊತ್ತು ತಂದೆ.

ಅಂದಿನಿಂದ ನಾವು ಮಾಡಿದ್ದು ಬಹಳ ಸಣ್ಣ ಏರ್ಪಾಡು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮಧ್ಯಾಹ್ನದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ವಾಚನಾಲಯದ ಬೆಂಚಿನ ಮೇಲೆ ಅವನು ಮಲಗುವುದು; ಗಂಟೆಯಾದೊಡನೆ ನಾನು ಎಬ್ಬಿಸುವುದು. ಉಸ್ತಾದರು ಅವನ ಸಾಧನೆಯನ್ನು ಸಂಜೆಗೆ ಬದಲಾಯಿಸಿದರು. ತಂದೆಯೊಡನೆ ಮಾತಾಡಿ ರಾತ್ರಿ ಒಂಬತ್ತಕ್ಕೆ ಅವನನ್ನು ಮನೆಗೆ ಕಳುಹಿಸುವಂತೆಯೂ ಮಾಡಿದರು. ಎರಡು ತಿಂಗಳಲ್ಲಿ ಅವನಿಗೆ ಆ ಬೆಂಚೇ ಬೇಡವಾಯಿತು. ನನಗೆ ಕಣ್ಣು ತೆರೆಸಿದ್ದು ಇದೇ. ಹಗಲಿನ ಕಿರುನಿದ್ದೆ ಕೈಸಾಲವಿದ್ದಂತೆ; ಆ ಹೊತ್ತಿನ ಸಂಕಟಕ್ಕೆ ಆದೀತು, ರಾತ್ರಿ ನಿದ್ದೆಯೆಂಬ ಆದಾಯದ ಸ್ಥಾನಕ್ಕೆ ಬಾರದು.

ಕೈಸಾಲದ ಉಪಕಾರವೂ ಸಣ್ಣದಲ್ಲ. 2007ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಲಿವರ್‌ಪೂಲಿನ ಸಂಶೋಧಕರ ಪರೀಕ್ಷೆಯೊಂದರಲ್ಲಿ, ರಾತ್ರಿ ಸುಮಾರು 4 ಗಂಟೆ ಮಾತ್ರ ನಿದ್ದೆ ಮಾಡಿದ್ದ 10 ಮಂದಿ ಗಂಡಸರಿಗೆ ಊಟದ ನಂತರ ಅರ್ಧ ಗಂಟೆ ಮಲಗಲು ಬಿಟ್ಟರು. ಮಲಗದೆ ಕುಳಿತ ದಿನ 20 ಮೀಟರು ಓಟಕ್ಕೆ ಅವರಿಗೆ ಸರಾಸರಿ 3.97 ಸೆಕೆಂಡು ಬೇಕಾಗಿದ್ದರೆ, ಮಲಗಿದ ದಿನ 3.88 ಸೆಕೆಂಡು ಸಾಕಾಯಿತು. ಕೂದಲೆಳೆಯ ಅಂತರವೆನ್ನಬಹುದು, ಆದರೆ ಓಟದ ಪಂದ್ಯಗಳನ್ನು ಗೆಲ್ಲುವುದು ಕೂದಲೆಳೆಯಿಂದಲೇ.

ಇನ್ನು ನನ್ನ ಮತ್ತೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಐವತ್ತು ದಾಟಿದ ಮೇಲೆ ವೈದ್ಯರು ನನಗೆ ನಡಿಗೆಯನ್ನು ವಿಧಿಸಿದರು. ಸಂಜೆ ಐದಕ್ಕೆ ಹೊರಟು ಆರಕ್ಕೆ ಮನೆ ಸೇರಿ, ಜಮಖಾನದ ಮೇಲೆ ಮೈ ಚೆಲ್ಲಿದರೆ ನಾನು ಏಳುತ್ತಿದ್ದುದು ಎಂಟಕ್ಕೆ. ಎದ್ದಾಗ ತಲೆ ಸೀಸದಂತೆ. ಬೆಳಗೋ ಸಂಜೆಯೋ ತಿಳಿಯದು. ಮಧ್ಯರಾತ್ರಿಯಲ್ಲಿ ಜಂತೆ ಎಣಿಸುತ್ತ ಮಲಗಿದ್ದವನನ್ನು ನೋಡಿ ಮನೆಯವರು, “ಸಂಜೆಯೇ ರಾತ್ರಿಯದನ್ನೂ ಮುಗಿಸಿಬಿಟ್ಟಿರಲ್ಲ, ಇನ್ನೆಲ್ಲಿಂದ ಬರಬೇಕು ನಿದ್ದೆ?” ಎಂದರು. ವೈದ್ಯರು ಹೇಳಿದ್ದೂ ಅದನ್ನೇ. ಅರ್ಧ ಗಂಟೆ ಮೀರಿದರೆ ಮಿದುಳು ಗಾಢನಿದ್ದೆಗೆ ಇಳಿಯುತ್ತದೆ. ಅಲ್ಲಿಂದ ಎಬ್ಬಿಸಿದರೆ ಮಂಕು ಕವಿಯುತ್ತದೆ. ಸಂಜೆಯ ನಿದ್ದೆಯಲ್ಲಿ ಅಡಿನೋಸಿನ್ನಿನ ಗಂಟು ಕರಗಿಹೋದರೆ ರಾತ್ರಿಗೆ ಉಳಿಯುವುದೇನು?

ಆದ್ದರಿಂದ ನಾನು ಈಗ ಪಾಲಿಸುತ್ತಿರುವ ನಿಯಮಗಳು ಕೆಲವೇ. ವ್ಯಾಯಾಮ ಮುಗಿದೊಡನೆ ದೊಪ್ಪನೆ ಮಲಗುವುದಿಲ್ಲ; ಐದು ಹತ್ತು ನಿಮಿಷ ಮೆಲ್ಲನೆ ಅಡ್ಡಾಡುತ್ತೇನೆ. ಓಟವನ್ನು ತಟಕ್ಕನೆ ನಿಲ್ಲಿಸಿದರೆ ರಕ್ತ ಕಾಲಿನಲ್ಲಿಯೇ ತಂಗಿ ತಲೆ ಸುತ್ತುವುದುಂಟು. ಬೆವರೊರಸಿ, ನೀರು ಕುಡಿದು, ಒಣಗಿದ ಬಟ್ಟೆ ಉಟ್ಟ ಮೇಲೆಯೇ ಒರಗುವುದು. ಒರಗಿದರೆ ಇಪ್ಪತ್ತು ನಿಮಿಷ, ಅದೂ ಮಧ್ಯಾಹ್ನ ಮೂರರ ಒಳಗೆ. ಎಬ್ಬಿಸಲು ಅಲಾರಾಂ ಗಡಿಯಾರವುಂಟು. ಅದಕ್ಕಿಂತ ನಿಷ್ಠುರವಾಗಿ ಎಬ್ಬಿಸಲು ಮೊಮ್ಮಗಳುಂಟು.

ಒಂದು ಎಚ್ಚರಿಕೆಯನ್ನು ಮಾತ್ರ ನಗೆಯಿಲ್ಲದೆ ಹೇಳಬೇಕು. ವ್ಯಾಯಾಮದ ನಂತರದ ಎಲ್ಲ ಮಂಪರೂ ನಿದ್ದೆಯಲ್ಲ. ಸಿಹಿಮೂತ್ರಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ನಡಿಗೆಯಾದ ಮೇಲೆ ಕೈ ನಡುಗಿ, ತಣ್ಣನೆಯ ಬೆವರು ಬಂದು, ಮಂಕು ಕವಿದರೆ ರಕ್ತದ ಸಕ್ಕರೆ ಇಳಿದಿರಬಹುದು. ಅವರಿಗೆ ಆಗ ಬೇಕಾದದ್ದು ಹಾಸಿಗೆಯಲ್ಲ, ಕೂಡಲೇ ಒಂದಿಷ್ಟು ಸಕ್ಕರೆ. ಎದೆ ಹಿಡಿದಂತಾದರೆ, ಉಸಿರು ಹತ್ತದಿದ್ದರೆ, “ಸ್ವಲ್ಪ ಮಲಗಿದರೆ ಸರಿಹೋಗುತ್ತೆ” ಎಂದುಕೊಳ್ಳದೆ ಆಸ್ಪತ್ರೆಗೆ ಹೊರಡಬೇಕು. ರಾತ್ರಿಯೆಲ್ಲ ಗೊರಕೆ ಹೊಡೆದು, ಎಂಟು ಗಂಟೆ ಮಲಗಿದರೂ ಹಗಲೆಲ್ಲ ತೂಕಡಿಸುವವರು ವೈದ್ಯರನ್ನು ಕಾಣುವುದು ಒಳ್ಳೆಯದು.

ಆ ಹುಡುಗ ದೊಡ್ಡ ಜಟ್ಟಿಯಾಗಲಿಲ್ಲ. ತಂದೆಯ ಹೋಟೆಲನ್ನು ಈಗ ಅವನೇ ನಡೆಸುತ್ತಾನೆ. ಹೋದಾಗಲೆಲ್ಲ ಕಾಫಿಗೆ ಹಣ ತೆಗೆದುಕೊಳ್ಳುವುದಿಲ್ಲ. ಅದು ನನಗೆ ಇನ್ನಷ್ಟು ಭಾರ. ಊಟವಾದ ಮೇಲೆ ಅವನ ಅಂಗಡಿಯಲ್ಲಿ ಕೆಲಸದ ಹುಡುಗರು ಸರದಿಯ ಮೇಲೆ ಇಪ್ಪತ್ತು ನಿಮಿಷ ಮಲಗುತ್ತಾರೆ. ಅದು ಅವನು ಮಾಡಿರುವ ಕಟ್ಟಳೆ. ನಮ್ಮ ಮನೆಯಲ್ಲಿ, ನಮ್ಮ ತರಗತಿಯಲ್ಲಿ ಯಾರಾದರೂ ತೂಕಡಿಸಿದರೆ ಹೆಸರಿಡುವ ಮುನ್ನ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆಯಪ್ಪಾ ಎಂದು ಒಂದು ಮಾತು ಕೇಳೋಣ. ನನ್ನ ವಿನಂತಿ ಇಷ್ಟೆ. ಈ ಭಾಷಣವನ್ನು ಕೇಳುತ್ತ ಯಾರಾದರೂ ತೂಕಡಿಸಿದ್ದರೆ ನಾನಂತೂ ತಪ್ಪು ತಿಳಿಯುವುದಿಲ್ಲ.